ದೋಣಿಯ ಎಂಜಿನಿಗೂ ಉಂಟು ನಾಡಿ ಪರೀಕ್ಷೆ

ಎಂಜಿನನ್ನು ಬಿಚ್ಚದೆಯೇ ಅದರ ಒಳಗಿನ ಸ್ಥಿತಿಯನ್ನು ಅರಿಯುವ ಉಪಾಯಗಳಲ್ಲಿ ನಿರ್ವಾತ ಮಾಪಕದ, ಅಂದರೆ ವ್ಯಾಕ್ಯೂಮ್ ಗೇಜಿನ ಪರೀಕ್ಷೆ ಬಹಳ ಅಗ್ಗವಾದುದು. ನಮ್ಮ ಅಭಿಪ್ರಾಯದಲ್ಲಿ ಬಹಳ ಸೊಗಸಾದುದೂ ಹೌದು. ವೈದ್ಯರು ನಾಡಿ ಹಿಡಿದು ನೋಡುವಂತೆ ಇಲ್ಲಿ ಒಂದು ಮುಳ್ಳಿನ ಚಲನೆಯಿಂದ ರೋಗವನ್ನು ಊಹಿಸಬೇಕು. ಅಮೆರಿಕದ ಸರೋವರಗಳಲ್ಲಿ ವಿಹಾರಕ್ಕೆ ಬಳಸುವ ಹಳೆಯ ದೋಣಿಗಳಲ್ಲಿ ಅನೇಕವಕ್ಕೆ ಒಡಲಿನೊಳಗೆ ಕೂರಿಸಿದ ಪೆಟ್ರೋಲ್ ಎಂಜಿನ್ ಇರುತ್ತದೆ. ನಮ್ಮವರ ಮಕ್ಕಳು ಆ ದೇಶದಲ್ಲಿ ನೆಲೆಸಿ, ಬೇಸಿಗೆಯ ಸಂತೋಷಕ್ಕೆಂದು ಇಂಥ ದೋಣಿಯನ್ನು ಕೊಳ್ಳುವುದುಂಟು. ಮೇಲಿನ ಬಣ್ಣಕ್ಕೆ ಮರುಳಾಗಿ ಹಣ ತೆತ್ತ ಬಳಿಕ, ದಡದಿಂದ ಎರಡು ಮೈಲಿ ದೂರದಲ್ಲಿ ಎಂಜಿನ್ ನಿಂತರೆ, ಕೆಟ್ಟ ಕಾರಿನಂತೆ ಇಳಿದು ತಳ್ಳುವ ಹಾಗಿಲ್ಲ.

ಪೆಟ್ರೋಲ್ ಎಂಜಿನಿನ ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಒಳಗೆ ಸೆಳೆಯುತ್ತದೆ. ಆದರೆ ಐಡಲ್‌ನಲ್ಲಿ, ಅಂದರೆ ಭಾರವಿಲ್ಲದೆ ನಿಧಾನವಾಗಿ ಓಡುವಾಗ, ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಬಹುಮಟ್ಟಿಗೆ ಮುಚ್ಚಿರುತ್ತದೆ. ಹೀಗಾಗಿ ಅದರ ಆಚೆಗಿನ ಮ್ಯಾನಿಫೋಲ್ಡ್ ಎಂಬ ಕೊಳವೆಯಲ್ಲಿ ಒತ್ತಡವು ಹೊರಗಿನ ಗಾಳಿಗಿಂತ ಬಹಳ ಕಡಿಮೆಯಾಗುತ್ತದೆ. ಆ ಕೊರತೆಯನ್ನೇ ಮಾಪಕವು ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ. ಇಟಲಿಯ ಟೊರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ಗಾಳಿಯ ಭಾರವನ್ನು ತೋರಿಸಿಕೊಟ್ಟ ಪ್ರಯೋಗದ ನೆನಪು ಈ ಅಳತೆಯಲ್ಲಿ ಇಂದಿಗೂ ಉಳಿದಿದೆ. ಸಾಮಾನ್ಯ ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಹೀಗೆ ತಡೆಯುವ ಏರ್ಪಾಡು ಇರುವುದಿಲ್ಲ. ಆದುದರಿಂದ ಮಲ್ಪೆಯ ದೊಡ್ಡ ಮೀನುಗಾರಿಕಾ ದೋಣಿಗಳಿಗಾಗಲಿ, ಗೇಟ್‌ವೇಯಿಂದ ಘಾರಾಪುರಿಗೆ ನಮ್ಮನ್ನು ಒಯ್ಯುವ ಲಾಂಚುಗಳಿಗಾಗಲಿ ಈ ಪರೀಕ್ಷೆ ಸಲ್ಲದು.

ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಚೆನ್ನಾಗಿ ಕಾದ ಬಳಿಕ ಐಡಲ್‌ನಲ್ಲಿ ಸುಮಾರು 17ರಿಂದ 21 ಇಂಚು ತೋರಿಸುತ್ತದೆ. ಮುಳ್ಳು ಅಲುಗದೆ ನಿಲ್ಲುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯ ಟಾಹೋ ಸರೋವರ ಸುಮಾರು 6,200 ಅಡಿ ಎತ್ತರದಲ್ಲಿದೆ. ಅಲ್ಲಿ 13 ಇಂಚು ಕಂಡರೆ ಗಾಬರಿಪಡಬೇಕಿಲ್ಲ. ಅದೇ ಅಂಕಿ ಕಡಲ ದಂಡೆಯಲ್ಲಿ ಕಂಡರೆ ವಿಚಾರಿಸಲೇಬೇಕು.

ಆದರೆ ಅಂಕಿಗಿಂತ ಮುಳ್ಳಿನ ನಡತೆಯೇ ಹೆಚ್ಚು ಮಾತನಾಡುತ್ತದೆ. ಮುಳ್ಳು ಸ್ಥಿರವಾಗಿದ್ದು ಎರಡು ಮೂರು ಇಂಚು ಕೆಳಗಿದ್ದರೆ ಕಿಡಿ ತಡವಾಗಿ ಹಾರುತ್ತಿರಬಹುದು. ಅದು ತಿದ್ದುವಷ್ಟರಲ್ಲೇ ಮುಗಿಯುವ ಕೆಲಸ. ಹತ್ತಕ್ಕಿಂತಲೂ ಕೆಳಗೆ ಸ್ಥಿರವಾಗಿ ನಿಂತರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿಯೋ ರಬ್ಬರ್ ನಳಿಕೆಯಲ್ಲಿಯೋ ಗಾಳಿ ಸೋರುತ್ತಿದೆಯೆಂಬ ಶಂಕೆ ಮೊದಲು ಬರಬೇಕು. ಮುಳ್ಳು ಲಯಬದ್ಧವಾಗಿ ಕೆಳಕ್ಕೆ ಮಿಡಿಯುತ್ತಿದ್ದರೆ ವಿಷಯ ಗಂಭೀರ. ನಾಲ್ಕು ಹೊಡೆತಗಳ ಎಂಜಿನಿನಲ್ಲಿ ಪ್ರತಿ ಸಿಲಿಂಡರಿನ ಸರದಿ ಎರಡು ಸುತ್ತಿಗೊಮ್ಮೆ ಬರುತ್ತದೆ. ನಿಮಿಷಕ್ಕೆ 600 ಸುತ್ತು ತಿರುಗುವಾಗ ಒಂದೇ ಒಂದು ವಾಲ್ವ್ ಸುಟ್ಟು ಸೋರುತ್ತಿದ್ದರೂ ಮುಳ್ಳು ಸೆಕೆಂಡಿಗೆ ಐದು ಬಾರಿ ಮಿಡಿದು ಅದನ್ನು ಸಾರುತ್ತದೆ. ಮಿಡಿತಕ್ಕೆ ಲಯವಿಲ್ಲದೆ ಆಗಾಗ ಮಾತ್ರ ಕುಸಿದರೆ ವಾಲ್ವ್ ಅಂಟಿಕೊಳ್ಳುತ್ತಿದೆ, ಅಥವಾ ಕಿಡಿ ತಪ್ಪುತ್ತಿದೆ. ಐಡಲ್‌ನಲ್ಲಿ ಥರಥರ ನಡುಗಿ, ವೇಗ ಹೆಚ್ಚಿದಾಗ ನಡುಕ ನಿಂತರೆ ವಾಲ್ವ್ ಗೈಡುಗಳು ಸವೆದಿವೆ. ವೇಗದೊಡನೆ ನಡುಕವೂ ಹೆಚ್ಚಿದರೆ ವಾಲ್ವಿನ ಸ್ಪ್ರಿಂಗುಗಳು ಸೋತಿವೆ.

ಪಿಸ್ಟನ್ ರಿಂಗುಗಳ ಪರೀಕ್ಷೆ ಬೇರೆ. ಥ್ರಾಟಲನ್ನು ಥಟ್ಟನೆ ತೆರೆದು ಬಿಟ್ಟುಬಿಡಬೇಕು. ಒಳ್ಳೆಯ ಎಂಜಿನಿನಲ್ಲಿ ಮುಳ್ಳು ಎರಡರ ಸಮೀಪಕ್ಕೆ ಬಿದ್ದು, ಇಪ್ಪತ್ತನಾಲ್ಕು ಇಪ್ಪತ್ತೈದಕ್ಕೆ ಹಾರಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸೊನ್ನೆಗೆ ಬಿದ್ದು, ಅಷ್ಟು ಎತ್ತರಕ್ಕೆ ಹಾರಲಾರದೆ ಹೋದರೆ ರಿಂಗುಗಳು ಸವೆದಿರುವ ಸಂಭವವಿದೆ.

ದೋಣಿಗೆ ವಿಶೇಷವಾದ ಕಾಯಿಲೆಯೊಂದಿದೆ. ಇದರ ಹೊಗೆಕೊಳವೆಯನ್ನು ನೀರಿನಿಂದಲೇ ತಂಪುಮಾಡುತ್ತಾರೆ. ಉಪ್ಪುನೀರಿನಲ್ಲಿ ಓಡಿದ ದೋಣಿಯಾದರೆ ಎರಕದ ಕಬ್ಬಿಣ ಒಳಗೊಳಗೇ ತುಕ್ಕು ಹಿಡಿದು, ಅದರ ಚಕ್ಕೆಗಳು ದಾರಿಯನ್ನು ಕಟ್ಟುತ್ತವೆ. ಗೋಡೆ ತೂತಾದರೆ ನೀರು ಸಿಲಿಂಡರಿಗೇ ನುಗ್ಗಬಹುದು. ಗೇರ್ ಹಾಕದೆ ಸುಮಾರು 2,500 ಸುತ್ತಿನ ವೇಗದಲ್ಲಿ ಎಂಜಿನನ್ನು ಹಿಡಿದಿಟ್ಟಾಗ ಮುಳ್ಳು ಮೊದಲು ಸರಿಯಾಗಿದ್ದು ಬರಬರುತ್ತ ಇಳಿಯತೊಡಗಿದರೆ ಹೊಗೆಯ ದಾರಿ ಕಟ್ಟಿದೆಯೆಂದು ತಿಳಿಯಬೇಕು. ತೂತನ್ನು ಮಾತ್ರ ಮಾಪಕ ತೋರಿಸದು. ಅದಕ್ಕೆ ಕೊಳವೆಯನ್ನು ಕಳಚಿಯೇ ನೋಡಬೇಕು.

ಮಾಪಕವನ್ನು ಥ್ರಾಟಲಿನ ಆಚೆಗೆ, ಮ್ಯಾನಿಫೋಲ್ಡಿನ ಕಿಂಡಿಗೇ ಜೋಡಿಸಬೇಕು. ಮುಚ್ಚಿದ ಎಂಜಿನ್ ಗೂಡಿನಲ್ಲಿ ಪೆಟ್ರೋಲಿನ ಆವಿ ಕೆಳಗೆ ಮಡುಗಟ್ಟುವುದರಿಂದ ಚಾಲೂ ಮಾಡುವ ಮುನ್ನ ನಾಲ್ಕು ನಿಮಿಷವಾದರೂ ಬ್ಲೋವರ್ ಓಡಿಸತಕ್ಕದ್ದು. ದೋಣಿ ನೀರಿನಲ್ಲಿಯೇ ಕಟ್ಟಿರಲಿ. ಒಣನೆಲದಲ್ಲಿ ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಕ್ಷಣಗಳಲ್ಲೇ ಹಾಳಾಗುತ್ತದೆ. ತೀವ್ರ ವೇಗಕ್ಕೆಂದು ಬೇರೆ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನುಗಳು ಆರೋಗ್ಯವಾಗಿದ್ದರೂ ಕಡಿಮೆ ಅಂಕಿಯನ್ನೇ ತೋರಿಸುತ್ತವೆ. ಇದನ್ನು ಮಾರುವವನಿಂದ ಕೇಳಿ ತಿಳಿದುಕೊಳ್ಳಬೇಕು.

ಮಾಪಕದ ಮಾತು ಶಂಕೆಯೇ ಹೊರತು ತೀರ್ಪಲ್ಲ. ಯಾವ ಸಿಲಿಂಡರ್ ಎಂಬುದನ್ನು ಕಂಪ್ರೆಷನ್ ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯುವುದು ಲೇಸು. ಎಂಜಿನ್ ಚೆನ್ನಾಗಿರುವ ದಿನವೇ ಅದರ ಅಂಕಿಯನ್ನು, ಸ್ಥಳ ಮತ್ತು ದಿನಾಂಕ ಸಮೇತ, ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷ ತಾಳೆ ನೋಡಲು ಅನುಕೂಲವಾಗುತ್ತದೆ.