ವಿಮಾನದಲ್ಲಿ ಒಂದೂಕಾಲು ತಾಸು, ಮನೆಯಿಂದ ಎಷ್ಟು?

ಬೆಂಗಳೂರಿನಲ್ಲಿ ಮಧ್ಯಾಹ್ನ 2 ಗಂಟೆಗೆ ಮಗಳ ಸಂದರ್ಶನ. ಬೆಳಗಾವಿಯಿಂದ ವಿಮಾನ ಸುಮಾರು ಒಂದೂಕಾಲು ತಾಸಿನಲ್ಲಿ ತಲುಪುತ್ತದೆ ಎನ್ನೋಣ. ಹಾಗಾದರೆ ರಾಮದುರ್ಗದ ಮನೆಯಿಂದ ಎಷ್ಟು ಗಂಟೆಗೆ ಹೊರಡಬೇಕು? ಈ ಲೆಕ್ಕ ತಪ್ಪಿದರೆ ಹುಡುಗಿಯ ಒಂದು ವರ್ಷವೇ ಕೈತಪ್ಪೀತು.

ಮೊದಲು ದೂರ ನೋಡೋಣ. ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ. ರಸ್ತೆ ಊರು ಮುಟ್ಟಬೇಕು, ಗುಡ್ಡ ಬಳಸಬೇಕು, ಮಲಪ್ರಭೆಯಂಥ ಹೊಳೆಯನ್ನು ಸೇತುವೆ ಇದ್ದಲ್ಲೇ ದಾಟಬೇಕು. ವಿಮಾನಕ್ಕೆ ಈ ಕಟ್ಟು ಇಲ್ಲ.

ಸಾಂಬ್ರಾ ಮತ್ತು ದೇವನಹಳ್ಳಿ ವಿಮಾನ ನಿಲ್ದಾಣಗಳ ನಡುವೆ ಅಕ್ಷಾಂಶದ ವ್ಯತ್ಯಾಸ ಸುಮಾರು 2.67 ಡಿಗ್ರಿ, ರೇಖಾಂಶದ್ದು 3.08 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ.; ನಮ್ಮ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 107.5 ಕಿ.ಮೀ. ಅಂದರೆ ಉತ್ತರ-ದಕ್ಷಿಣವಾಗಿ 296, ಪೂರ್ವ-ಪಶ್ಚಿಮವಾಗಿ 331 ಕಿ.ಮೀ. ಇವೆರಡು ಭುಜಗಳಾದರೆ, ಪೈಥಾಗೊರಸನ ಪ್ರಮೇಯದಂತೆ ಕರ್ಣ 444 ಕಿ.ಮೀ.

ಈ ಉಪಾಯ ಹತ್ತಿರದ ಊರುಗಳಿಗೆ ಮಾತ್ರ. ದೂರ ಹೆಚ್ಚಾದಂತೆ ಭೂಮಿಯ ಗುಂಡು ಆಕಾರ ಲೆಕ್ಕಕ್ಕೆ ಬರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ವಿಮಾನ ತಂದರು. ಗೋಡೆಯ ನಕಾಶೆಯಲ್ಲಿ ಇದು ಸುತ್ತುದಾರಿ ಎನಿಸುತ್ತದೆ. ಶಾಲೆಯ ಭೂಗೋಲದ ಮೇಲೆ ದಾರ ಹಿಡಿದು ಎಳೆಯಿರಿ. ಅದು ಧ್ರುವದ ಹತ್ತಿರದಿಂದಲೇ ಹಾಯುತ್ತದೆ!

ಇನ್ನು ಕಾಲ. ಪಂಖದ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. 444ನ್ನು 500ರಿಂದ ಭಾಗಿಸಿದರೆ 53 ನಿಮಿಷ. ಗಂಟೆಗೆ 50 ಕಿ.ಮೀ. ಎದುರುಗಾಳಿ ಬೀಸಿದರೆ 59 ನಿಮಿಷ. ಅದೇ ಗಾಳಿ ಬೆನ್ನಿಗಿದ್ದರೆ 48. ಆದರೆ ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತ ಜಾಗ ಬಿಟ್ಟಾಗಲೇ ಶುರುವಾಗಿ, ಅತ್ತ ಹೋಗಿ ನಿಂತಾಗ ಮುಗಿಯುತ್ತದೆ. ನೆಲದ ಓಟ, ಏರುವುದು, ಇಳಿಯುವುದು, ಸರದಿ ಕಾಯುವುದು ಎಲ್ಲ ಸೇರಿಯೇ ಒಂದೂಕಾಲು ತಾಸು.

ಈಗ ಮೊದಲಿನ ಪ್ರಶ್ನೆಗೆ ಹಿಂದಿನಿಂದ ಲೆಕ್ಕ ಹಾಕೋಣ. ದೇವನಹಳ್ಳಿಯಿಂದ ನಗರದೊಳಗೆ ಬರಲು ಒಂದೂವರೆ ತಾಸು, ಸಾಮಾನು ಪಡೆದು ಹೊರಬರಲು ಅರ್ಧ ತಾಸು ಹಿಡಿಯಿರಿ. ವಿಮಾನ 12ಕ್ಕೆ ಇಳಿಯಬೇಕು, 10.45ಕ್ಕೆ ಹೊರಡಬೇಕು. ಅದಕ್ಕೂ ಒಂದೂವರೆ ತಾಸು ಮೊದಲು, 9.15ಕ್ಕೆ ಸಾಂಬ್ರಾದಲ್ಲಿರಬೇಕು. ರಾಮದುರ್ಗದಿಂದ ಸಾಂಬ್ರಾಕ್ಕೆ ಎರಡೂವರೆ ತಾಸು ಎಂದರೆ ಮನೆ ಬಿಡುವುದು 6.45ಕ್ಕೆ. ಒಟ್ಟು ಏಳೂಕಾಲು ತಾಸು! ಅದರಲ್ಲಿ ವಿಮಾನದ ಪಾಲು ಆರನೇ ಒಂದು ಭಾಗದಷ್ಟು. ಬಸ್ಸು ಕೆಟ್ಟರೆ, ಮಂಜು ಕವಿದರೆ ಎಂಬುದಕ್ಕೆ ಇದರಲ್ಲಿ ಒಂದು ನಿಮಿಷವೂ ಮಿಕ್ಕಿಲ್ಲ. ಪರೀಕ್ಷೆ, ಸಂದರ್ಶನಗಳಿಗೆ ಹಿಂದಿನ ದಿನವೇ ಹೋಗಿ ಉಳಿಯುವುದು ಲೇಸು.

ಎಲ್ಲಿಂದ ಹತ್ತುತ್ತೇವೆ ಎಂಬುದೂ ಮುಖ್ಯ. ನೇರ ಗೆರೆಯಲ್ಲಿ ಬೈಲಹೊಂಗಲಕ್ಕೆ ಸಾಂಬ್ರಾ ಸುಮಾರು 26 ಕಿ.ಮೀ. ಮಾತ್ರ. ಸವದತ್ತಿಗಾದರೆ ಸಾಂಬ್ರಾಕ್ಕಿಂತ ಹುಬ್ಬಳ್ಳಿ ನಿಲ್ದಾಣವೇ ಹತ್ತಿರ.

ವಿದ್ಯಾರ್ಥಿಗಳೇ, ಕಿತ್ತೂರಿನಿಂದ ರಾಮದುರ್ಗಕ್ಕೆ ನೇರ ದೂರ ಸುಮಾರು 67 ಕಿ.ಮೀ. ರಸ್ತೆಯ ದೂರವನ್ನು ನೀವೇ ವಿಚಾರಿಸಿ ಹೋಲಿಸಿ. ಹೆಚ್ಚುವರಿ ಕಿ.ಮೀ.ಗಳು ಎಲ್ಲಿಂದ ಬಂದವು ಎಂಬುದನ್ನು ತಾಲ್ಲೂಕು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಬಲ್ಲಿರಾ?