ಜೇಬಿನೊಳಗಿನ ವರ್ತನೆ ಲೆಕ್ಕ

ಒಂದು ಕಾಲವಿತ್ತು. ಬೆಳಗಿನ ಜಾವದಲ್ಲಿ ಹಾಲಿನವಳು ಬಾಗಿಲಿಗೆ ಬಂದು ಕೂಗಿದರೆ ಗೃಹಿಣಿ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದಳು. ಅಳೆದ ಹಾಲಿಗೆ ಅಂದಂದೇ ದುಡ್ಡು ಕೊಡುವ ಪದ್ಧತಿ ಇರಲಿಲ್ಲ. ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಗೀಟು ಬೀಳುತ್ತಿತ್ತು. ತಿಂಗಳ ಮೊದಲ ವಾರದಲ್ಲಿ ಗೀಟುಗಳನ್ನೆಣಿಸಿ ಲೆಕ್ಕ ಚುಕ್ತಾ ಆಗುತ್ತಿತ್ತು. ಹಾಲಿಗಾಗಲಿ ಹೂವಿಗಾಗಲಿ ಇದಕ್ಕೆ ‘ವರ್ತನೆ’ ಎಂದೇ ಹೆಸರು. ಕೊಡುವವರಿಗೂ ಕೊಳ್ಳುವವರಿಗೂ ಪರಸ್ಪರ ಮುಖಪರಿಚಯವಿರುತ್ತಿತ್ತು. ಲೆಕ್ಕ ತಪ್ಪಿದರೆ ಒಂದಿಷ್ಟು ವಾಗ್ವಾದವಾಗಿ, ಕೊನೆಗೆ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತಿತ್ತು.

ಇಂದು ವರ್ತನೆಗಳು ಜೇಬಿನೊಳಗೆ ಸೇರಿಕೊಂಡಿವೆ. ಸ್ಮಾರ್ಟ್‌ಫೋನಿನಲ್ಲಿ ಸಂಗೀತಕ್ಕೊಂದು, ಚಲನಚಿತ್ರಕ್ಕೊಂದು, ಮಕ್ಕಳ ಪಾಠಕ್ಕೊಂದು, ಫೋಟೋಗಳನ್ನು ಕಾಪಾಡಿಡುವುದಕ್ಕೊಂದು - ಹೀಗೆ ಒಂದೊಂದು ಮನೆಯಲ್ಲಿ ನಾಲ್ಕೈದು ವರ್ತನೆಗಳಿರುವುದುಂಟು. ಬಾಗಿಲಲ್ಲಿ ಕೂಗುವವರಿಲ್ಲ, ಕ್ಯಾಲೆಂಡರಿನ ಮೇಲೆ ಗೀಟಿಲ್ಲ. ನಿಗದಿಯಾದ ದಿನ ಬ್ಯಾಂಕಿನಿಂದ ಹಣ ತಾನಾಗಿ ಸಂದಾಯವಾಗುತ್ತದೆ. ಅದು ಸಲ್ಲುತ್ತಿರುವವರೆಗೆ ಯಾರಿಗೂ ಅದರ ನೆನಪಿಲ್ಲ. ನಿಂತ ದಿನ ಮಾತ್ರ ಮನೆಯವರೆಲ್ಲ ಎಚ್ಚರಗೊಳ್ಳುತ್ತಾರೆ.

ಯಾವ ಊರಿನ ಯಾವ ಬಡಾವಣೆಯಲ್ಲಾದರೂ ಇರಬಹುದಾದ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು. ಪತ್ನಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಆಕೆಯ ಚಿತ್ರಗಳು, ಮೊಮ್ಮಗಳನ್ನು ತೊಟ್ಟಿಲಲ್ಲಿ ತೂಗುತ್ತ ಆಕೆ ಹಾಡಿದ ಜೋಗುಳ - ಎಲ್ಲವೂ ಫೋನಿನ ಖಾತೆಯ ದೂರದ ಉಗ್ರಾಣದಲ್ಲಿ ಭದ್ರವಾಗಿವೆ. ಅದಕ್ಕೆ ತಿಂಗಳಿಗಿಷ್ಟೆಂದು ಸಣ್ಣದೊಂದು ಬಾಡಿಗೆ. ಅವರ ಹಳೆಯ ಕಾರ್ಡಿನ ಅವಧಿ ಮುಗಿಯಿತೆಂದು ಬ್ಯಾಂಕಿನವರು ಅಂಚೆಯಲ್ಲಿ ಹೊಸತನ್ನು ಕಳುಹಿಸಿದರು. ಹಿರಿಯರು ಹಳೆಯದನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಕರ್ತವ್ಯ ಮುಗಿಯಿತೆಂದು ನೆಮ್ಮದಿಯಾಗಿ ಕುಳಿತರು. ಕೆಲವು ದಿನಗಳ ಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಪಾವತಿ ಸಫಲವಾಗಲಿಲ್ಲ.’ ಅವರು ಅದನ್ನು ಜಾಹೀರಾತೆಂದು ಬಗೆದು ಸರಿಸಿಬಿಟ್ಟರು.

“ಮಾವ, ಕಾರ್ಡು ಬದಲಾಯಿತಲ್ಲ, ಅದನ್ನು ಫೋನಿನ ಖಾತೆಗೆ ತಿಳಿಸಿದಿರಾ?” ಎಂದು ಸೊಸೆ ಕೇಳಿದಾಗಲೇ ಅವರಿಗೆ ವಿಷಯದ ಅರಿವಾದದ್ದು.

ಕಾರ್ಡಿನ ಆಯುಷ್ಯ

ಸಾಮಾನ್ಯವಾಗಿ ಕಾರ್ಡಿನ ಮೇಲೆ 16 ಅಂಕಿಗಳಿರುತ್ತವೆ. ಮೊದಲಿನ ಕೆಲವು ಅಂಕಿಗಳು ಅದನ್ನು ಕೊಟ್ಟ ಬ್ಯಾಂಕು ಯಾವುದೆಂಬುದನ್ನು ಸೂಚಿಸುತ್ತವೆ. ಕಟ್ಟಕಡೆಯ ಅಂಕಿಯ ಕೆಲಸ ಬಹಳ ಸ್ವಾರಸ್ಯದ್ದು. ಅದು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಪಡೆದ ಪರೀಕ್ಷಾಂಕ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬ ತಜ್ಞನು 1954ರಲ್ಲಿ ಈ ಉಪಾಯಕ್ಕೆ ಪೇಟೆಂಟು ಕೋರಿದನು. 1960ರಲ್ಲಿ ಅದು ಅವನಿಗೆ ದೊರೆಯಿತು. ಬೆರಳು ತಪ್ಪಿ ಯಾವುದಾದರೂ ಒಂದು ಅಂಕಿ ಬೇರೆಯಾದರೆ ಲೆಕ್ಕ ಕೂಡುವುದಿಲ್ಲ; ಆದುದರಿಂದಲೇ ಫೋನು ಬ್ಯಾಂಕನ್ನು ಕೇಳುವುದಕ್ಕೂ ಮೊದಲೇ ‘ಸಂಖ್ಯೆ ಸರಿಯಿಲ್ಲ’ ಎಂದು ಹೇಳಬಲ್ಲುದು.

ಇದರ ಜೊತೆಗೆ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಹಾಗೂ ಬಹುಪಾಲು ಕಾರ್ಡುಗಳ ಹಿಂಬದಿಯಲ್ಲಿ ಮೂರಂಕಿಯ ಗುಟ್ಟಿನ ಸಂಖ್ಯೆ. ಬ್ಯಾಂಕು ಹೊಸ ಕಾರ್ಡು ಕೊಟ್ಟಾಗ 16 ಅಂಕಿಗಳು ಹಾಗೆಯೇ ಉಳಿದರೂ ಅವಧಿಯೂ ಗುಟ್ಟಿನ ಸಂಖ್ಯೆಯೂ ಬದಲಾಗುತ್ತವೆ. ನೋಡುವ ಕಣ್ಣಿಗೆ ಅದೇ ಕಾರ್ಡು. ಲೆಕ್ಕದ ಪುಸ್ತಕಕ್ಕೆ ಮಾತ್ರ ಬೇರೊಂದು.

ರಿಸರ್ವ್ ಬ್ಯಾಂಕಿನ ಕಟ್ಟಳೆ

ಹಿಂದೆ ಅಂಗಡಿಯವನೂ ಆ್ಯಪಿನವನೂ ಗಿರಾಕಿಯ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲೇ ಬರೆದಿಟ್ಟುಕೊಳ್ಳುತ್ತಿದ್ದರು. ಅಂಥ ಪಟ್ಟಿ ಕಳ್ಳರ ಕೈಗೆ ಸಿಕ್ಕರೆ ಗತಿಯೇನು? ಈ ಭಯದಿಂದಲೇ ಭಾರತೀಯ ರಿಸರ್ವ್ ಬ್ಯಾಂಕು 2022ರ ಅಕ್ಟೋಬರ್ 1ರಿಂದ ಆ ಪದ್ಧತಿಯನ್ನು ನಿಲ್ಲಿಸಿತು. ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲ - ಈ ಇಬ್ಬರ ಹೊರತು ಬೇರೆ ಯಾರೂ ಪೂರ್ಣ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಗುರುತಿಗಾಗಿ ಕೊನೆಯ ನಾಲ್ಕು ಅಂಕಿಗಳು ಮತ್ತು ಬ್ಯಾಂಕಿನ ಹೆಸರು ಇದ್ದರೆ ಸಾಕು. ಅಸಲು ಸಂಖ್ಯೆಯ ಬದಲು ‘ಟೋಕನ್’ ಎಂಬ ಬದಲಿ ಸಂಖ್ಯೆಯೊಂದು ಅಂಗಡಿಯವನಿಗೆ ಸಿಗುತ್ತದೆ. ಮದುವೆಯ ಛತ್ರದಲ್ಲಿ ಚಪ್ಪಲಿ ಬಿಟ್ಟು ಬಿಲ್ಲೆ ಪಡೆದಂತೆ ಇದು. ಆ ಬಿಲ್ಲೆಗೆ ಆ ಛತ್ರದಲ್ಲಲ್ಲದೆ ಬೇರೆಲ್ಲೂ ಬೆಲೆಯಿಲ್ಲ. ಕಾರ್ಡು ನವೀಕರಣವಾದಾಗ ಹಳೆಯ ಸಂಬಂಧವನ್ನು ಹೊಸ ಕಾರ್ಡಿಗೆ ಜೋಡಿಸಬೇಕಾದರೆ ಗಿರಾಕಿಯ ಸ್ಪಷ್ಟ ಒಪ್ಪಿಗೆ ಬೇಕು. ಉಪಾಧ್ಯಾಯರ ಮನೆಯ ಪಾವತಿ ನಿಂತದ್ದು ಯಾರ ಕೇಡಿನಿಂದಲೂ ಅಲ್ಲ. ಆ ಒಪ್ಪಿಗೆ ಕೊಡದೆ ಉಳಿದದ್ದರಿಂದ.

ವರ್ತನೆಯ ಹಣಕ್ಕೂ ಒಂದು ಕಟ್ಟಳೆಯುಂಟು. 2021ರ ಅಕ್ಟೋಬರ್ 1ರಿಂದ, ಮೇಲಿಂದ ಮೇಲೆ ಕಡಿತವಾಗುವ ಹಣಕ್ಕೆ ಗಿರಾಕಿ ಮೊದಲ ಸಲ ಒ.ಟಿ.ಪಿ. ಮುಂತಾದ ಹೆಚ್ಚಿನ ಗುರುತು ಕೊಟ್ಟು ಆದೇಶವನ್ನು ದಾಖಲಿಸಬೇಕಾಯಿತು. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ಸೂಚನೆ ಕಳುಹಿಸಬೇಕು. ಬೇಡವೆಂದರೆ ತಡೆಯುವ ಹಕ್ಕು ಗಿರಾಕಿಯದು. ಒಂದು ಸಲಕ್ಕೆ 5,000 ರೂಪಾಯಿ ಮೀರಿದರೆ ಪ್ರತಿ ಬಾರಿಯೂ ಒಪ್ಪಿಗೆ ಬೇಕಾಗಿತ್ತು. 2022ರ ಜೂನ್‌ನಲ್ಲಿ ಆ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಕಾರ್ಡಿಲ್ಲದವರಿಗಾಗಿ 2020ರ ಜುಲೈಯಲ್ಲೇ ಯು.ಪಿ.ಐ. ಮೂಲಕ ವರ್ತನೆ ನಡೆಸುವ ವ್ಯವಸ್ಥೆಯೂ ಬಂದಿತು. ಹಾಲಿನವಳು ‘ನಾಳೆ ದುಡ್ಡು ಬೇಕು ಅಮ್ಮ’ ಎಂದು ಹಿಂದಿನ ದಿನವೇ ಹೇಳಿ ಹೋದಂತೆ ಈ 24 ಗಂಟೆಯ ಸೂಚನೆ. ಅದನ್ನು ಓದದೆ ಅಳಿಸುವವರು ಅನಂತರ ಹಣ ಹೋಯಿತೆಂದು ಮರುಗಿ ಫಲವಿಲ್ಲ.

ಬಾಡಿಗೆ ನಿಂತರೆ?

ಸಿನಿಮಾ ನೋಡುವ ವರ್ತನೆ ನಿಂತರೆ ಒಂದು ಸಂಜೆಯ ವಿನೋದ ತಪ್ಪೀತು, ಅಷ್ಟೆ. ಆದರೆ ಉಗ್ರಾಣದ ಬಾಡಿಗೆ ನಿಂತರೆ ನಷ್ಟ ಅಷ್ಟು ಸಣ್ಣದಲ್ಲ. ಗೂಗಲ್ ಖಾತೆಗೆ ಉಚಿತವಾಗಿ ದೊರೆತಿರುವ ಜಾಗ 15 ಜಿ.ಬಿ.; ಆ್ಯಪಲ್ ಕಂಪನಿಯದು 5 ಜಿ.ಬಿ. ಬಾಡಿಗೆ ನಿಂತೊಡನೆ ಖಾತೆ ಈ ಮಿತಿಗೆ ಇಳಿಯುತ್ತದೆ. ಅದಕ್ಕೂ ಮಿಕ್ಕಿ ಸಾಮಾನು ತುಂಬಿದ್ದರೆ ಹೊಸ ಚಿತ್ರಗಳು ಒಳಗೆ ಸೇರುವುದಿಲ್ಲ. ಗೂಗಲ್ ಖಾತೆಯಲ್ಲಾದರೆ ಪತ್ರಗಳು ಹೋಗುವುದೂ ಬರುವುದೂ ನಿಲ್ಲಬಹುದು. ಮಿತಿ ಮೀರಿದ ಸ್ಥಿತಿ ಎರಡು ವರ್ಷ ಮುಂದುವರಿದರೆ ಇರುವುದನ್ನೂ ಅಳಿಸಿಹಾಕುವ ಅಧಿಕಾರವನ್ನು ಗೂಗಲ್ ಕಂಪನಿ ತನ್ನ ನಿಯಮಗಳಲ್ಲಿ ಇರಿಸಿಕೊಂಡಿದೆ. ಹಣವಿಲ್ಲದೆ ಅಲ್ಲ, ಅವಜ್ಞೆಯಿಂದ ಒಂದು ಜೋಗುಳ ಕಳೆದುಹೋಗುವುದೆಂದರೆ ಅದಕ್ಕಿಂತ ಖೇದದ ಸಂಗತಿ ಯಾವುದು?

ಬದಲಾಯಿಸುವ ಕ್ರಮ

ಕೆಲಸ ಕಷ್ಟದ್ದೇನಲ್ಲ, ಕ್ರಮ ತಿಳಿದಿದ್ದರೆ ಹತ್ತು ನಿಮಿಷ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲ್ಗಡೆ ಬಲಮೂಲೆಯಲ್ಲಿ ಕಾಣುವ ತಮ್ಮ ಚಿತ್ರವನ್ನೋ ಹೆಸರಿನ ಅಕ್ಷರವನ್ನೋ ಮುಟ್ಟಿದರೆ ಪಾವತಿ ಮತ್ತು ಚಂದಾದಾರಿಕೆಗಳ ವಿಭಾಗ ಸಿಗುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲಿರುವ ತಮ್ಮ ಹೆಸರನ್ನು ಮುಟ್ಟಿ, ಪಾವತಿಯ ವಿಭಾಗಕ್ಕೆ ಹೋಗಬೇಕು.

ಅಲ್ಲಿ ಅನುಸರಿಸಬೇಕಾದ ನೀತಿ ಒಂದೇ: ಮೊದಲು ಹೊಸತನ್ನು ಸೇರಿಸಬೇಕು, ಅನಂತರ ಹಳೆಯದನ್ನು ತೆಗೆಯಬೇಕು. ಆತುರದಲ್ಲಿ ಹಳೆಯದನ್ನು ಮೊದಲೇ ಅಳಿಸಹೊರಟವರಿಗೆ ಫೋನು ಅವಕಾಶ ಕೊಡದಿರುವುದುಂಟು. ಬಾಕಿ ಹಣ ಅಥವಾ ನಡೆಯುತ್ತಿರುವ ಚಂದಾ ಇದ್ದರೆ ಐಫೋನಿನ ಖಾತೆಯಲ್ಲಿ ಇದ್ದ ಒಂದೇ ಪಾವತಿ ವಿಧಾನವನ್ನು ತೆಗೆದುಹಾಕಲಾಗುವುದಿಲ್ಲ. ಹೊಸ ಕಾರ್ಡು ಸೇರಿಸಿದಾಗ ಒಂದೆರಡು ರೂಪಾಯಿ ಕಡಿತವಾದಂತೆ ತೋರಬಹುದು. ಅದು ಕಾರ್ಡು ನಿಜವಾದುದೆಂದು ಅರಿಯುವ ಪರೀಕ್ಷೆ, ಹಣ ಹಿಂದಿರುಗುತ್ತದೆ.

ಕಾರ್ಡು ಸೇರಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಪ್ಲೇ ಸ್ಟೋರಿನಲ್ಲಿ ಪ್ರತಿಯೊಂದು ಚಂದಾ ಯಾವ ಕಾರ್ಡಿಗೆ ಅಂಟಿಕೊಂಡಿದೆಯೆಂಬುದನ್ನು ಬೇರೆ ಬೇರೆಯಾಗಿ ನೋಡಿ ಬದಲಾಯಿಸಬೇಕು. ಆ ಪಟ್ಟಿಯನ್ನು ನೋಡುವಾಗಲೇ ಅನೇಕರಿಗೆ ಆಶ್ಚರ್ಯ ಕಾದಿರುತ್ತದೆ. ಎಂದೋ ಒಂದು ವಾರ ಉಚಿತವೆಂದು ಸೇರಿಕೊಂಡ ಆ್ಯಪು ಇಂದಿಗೂ ಹಣ ಎಳೆಯುತ್ತಿರಬಹುದು. ಆ್ಯಪನ್ನು ಫೋನಿನಿಂದ ಕಿತ್ತುಹಾಕಿದರೆ ಚಂದಾ ನಿಲ್ಲುವುದಿಲ್ಲ! ಊರು ಬಿಟ್ಟು ಹೋದ ಮೇಲೂ ಖಾಲಿ ಮನೆಯ ಬಾಗಿಲಿಗೆ ಹಾಲು ಬರುತ್ತಿದ್ದಂತೆ. ವರ್ತನೆಯನ್ನು ವರ್ತನೆಯ ಪಟ್ಟಿಯಲ್ಲೇ ರದ್ದು ಮಾಡಬೇಕು.

ವಿಳಾಸದ ವಿಚಾರವೂ ಉಂಟು. ಅಮೆರಿಕದಲ್ಲಿದ್ದು ಬೆಂಗಳೂರಿಗೆ ಮರಳಿದ ಮಗನ ಖಾತೆ ಇನ್ನೂ ಅಮೆರಿಕದ್ದೇ ಆಗಿದ್ದರೆ ಇಲ್ಲಿಯ ಕಾರ್ಡನ್ನು ಅದು ಒಪ್ಪದೆ ಹೋಗಬಹುದು. ಪ್ಲೇ ಸ್ಟೋರಿನಲ್ಲಿ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಾಯಿಸಬಹುದು. ಆ್ಯಪಲ್ ಖಾತೆಯಲ್ಲಾದರೆ ಉಳಿದ ಹಣವನ್ನು ಖರ್ಚು ಮಾಡಿ, ಚಂದಾಗಳನ್ನು ಮುಗಿಸಿದ ಮೇಲೆಯೇ ಬದಲಾವಣೆ ಸಾಧ್ಯ.

ಇನ್ನು ಮಕ್ಕಳ ಕೈಗೆ ಫೋನು ಕೊಡುವ ಮನೆಗಳು. ಕುಟುಂಬದವರೆಲ್ಲರನ್ನೂ ಒಂದು ಗುಂಪಾಗಿ ಸೇರಿಸಿದ್ದರೆ ಸಮಾನ ಪಾವತಿಯ ಭಾರ ಯಜಮಾನರ ಕಾರ್ಡಿನದು. ಮಗು ಆಟದಲ್ಲಿ ಕೊಂಡ ಕಾಲ್ಪನಿಕ ಕತ್ತಿಗೆ ತಂದೆಯ ನಿಜವಾದ ಹಣ ಹೋದೀತು. ಪ್ರತಿ ಕೊಳ್ಳುವಿಕೆಗೂ ಹಿರಿಯರ ಒಪ್ಪಿಗೆ ಬೇಕೆಂಬ ಏರ್ಪಾಡು ಎರಡು ಬಗೆಯ ಫೋನುಗಳಲ್ಲೂ ಇದೆ. ಹೊಸ ಕಾರ್ಡು ಸೇರಿಸಿದ ದಿನವೇ ಅದನ್ನು ಪರಿಶೀಲಿಸುವುದು ಜಾಣತನ.

ಕಳ್ಳನೂ ಅದೇ ಮಾತನಾಡುತ್ತಾನೆ

ಈ ಲೆಕ್ಕದಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ. ‘ನಿಮ್ಮ ಪಾವತಿ ಸಫಲವಾಗಲಿಲ್ಲ, ವಿವರಗಳನ್ನು ಸರಿಪಡಿಸಿ’ ಎಂದು ಕಂಪನಿ ಹೇಳುತ್ತದೆ. ಕಳ್ಳನೂ ಅದನ್ನೇ ಹೇಳುತ್ತಾನೆ. ಎರಡಕ್ಕೂ ಒಂದೇ ಭಾಷೆ, ಒಂದೇ ಮುದ್ರೆ. ಕಳ್ಳನ ಪತ್ರದಲ್ಲಿ ಮಾತ್ರ ಒಂದಿಷ್ಟು ಅವಸರ ಹೆಚ್ಚು: ‘ಇಂದು ರಾತ್ರಿಯೊಳಗೆ ಮಾಡದಿದ್ದರೆ ಖಾತೆ ಮುಚ್ಚಲಾಗುವುದು.’ ಕೆಳಗೆ ಒಂದು ಕೊಂಡಿ. ಅದನ್ನು ಮುಟ್ಟಿದರೆ ಅಸಲಿನಂತೆಯೇ ಕಾಣುವ ಪುಟ. ಕೆಲವೊಮ್ಮೆ ವಿನಯದ ಧ್ವನಿಯೊಂದು ಕರೆಮಾಡಿ, ‘ಸಾರ್, ಈ ಆ್ಯಪು ಹಾಕಿಕೊಳ್ಳಿ, ನಾವೇ ಸರಿಮಾಡಿಕೊಡುತ್ತೇವೆ’ ಎನ್ನುತ್ತದೆ. ಆ ಆ್ಯಪಿನ ಮೂಲಕ ಫೋನಿನ ಪರದೆಯಲ್ಲಿ ಕಾಣುವುದೆಲ್ಲ ಕಳ್ಳನಿಗೂ ಕಾಣುತ್ತದೆ, ಬಂದ ಒ.ಟಿ.ಪಿ. ಸಹ.

ಅಸಲು ನಕಲುಗಳನ್ನು ಪತ್ರದ ಮುಖ ನೋಡಿ ಬೇರ್ಪಡಿಸುವುದು ಜಾಣರಿಗೂ ಕಷ್ಟ. ಅದನ್ನು ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲ. ಸೂಚನೆ ಯಾವುದೇ ಇರಲಿ, ಅದರೊಳಗಿನ ಕೊಂಡಿಯನ್ನು ಮುಟ್ಟದೆ, ಮೇಲೆ ಹೇಳಿದ ದಾರಿಯಿಂದ ತಾವೇ ಖಾತೆಗೆ ಹೋಗಿ ನೋಡಿದರಾಯಿತು. ತೊಂದರೆ ನಿಜವಾಗಿದ್ದರೆ ಅಲ್ಲಿ ಕಂಡೇ ಕಾಣುತ್ತದೆ. ಅಲ್ಲಿ ಕಾಣದಿದ್ದರೆ ಪತ್ರವನ್ನು ನಂಬಬೇಕಾಗಿಲ್ಲ. ಒ.ಟಿ.ಪಿ.ಯನ್ನೂ ಕಾರ್ಡಿನ ಗುಟ್ಟಿನ ಸಂಖ್ಯೆಯನ್ನೂ ಕರೆಮಾಡಿದವರಿಗೆ ಹೇಳಬಾರದು. ಯು.ಪಿ.ಐ. ಪಿನ್ ಬೇಕಾಗುವುದು ಹಣ ಕೊಡುವಾಗಲೇ ಹೊರತು ಪಡೆಯುವಾಗ ಅಲ್ಲ. ‘ಹಣ ಹಿಂದಿರುಗಿಸುತ್ತೇವೆ, ಪಿನ್ ಒತ್ತಿ’ ಎಂದವನು ಕಳ್ಳನೇ ಸರಿ.

ಮೋಸ ಹೋದದ್ದೇ ಆದರೆ ನಾಚಿಕೆಪಟ್ಟು ಸುಮ್ಮನಿರುವುದು ಎರಡನೆಯ ತಪ್ಪು. ಕೂಡಲೇ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಓಡುತ್ತಿರುವಾಗಲೇ ಅದನ್ನು ತಡೆಯುವ ಪ್ರಯತ್ನಕ್ಕೆ ಪ್ರತಿಯೊಂದು ನಿಮಿಷವೂ ಮುಖ್ಯ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಗಿರಾಕಿಗೆ ರಕ್ಷಣೆ ನೀಡಿತು: ತಪ್ಪು ಗಿರಾಕಿಯದೂ ಅಲ್ಲ, ಬ್ಯಾಂಕಿನದೂ ಅಲ್ಲವೆಂದಾದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟದ ಹೊಣೆಯಿಲ್ಲ. ಗುಟ್ಟಿನ ಸಂಖ್ಯೆಯನ್ನು ತಾನೇ ಬಿಟ್ಟುಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲಿನದು ಬ್ಯಾಂಕಿನದು. ಹೇಗೆ ನೋಡಿದರೂ ಬೇಗ ಬಾಯಿ ತೆರೆದವನಿಗೇ ಲಾಭ.

ಒಂದು ಹಳೆಯ ನೋಟುಬುಕ್ಕು

ಉಪಾಧ್ಯಾಯರ ಮನೆಯಲ್ಲಿ ಅಂದು ಸಂಜೆ ಸೊಸೆ ಪಕ್ಕದಲ್ಲಿ ಕುಳಿತಳು. ಆಕೆ ತಾನು ಫೋನು ಮುಟ್ಟಲಿಲ್ಲ. ಮಾವನವರ ಬೆರಳಿನಿಂದಲೇ ಎಲ್ಲವನ್ನೂ ಮಾಡಿಸಿದಳು. ಹೊಸ ಕಾರ್ಡು ಸೇರಿತು. ಬಾಕಿ ಬಾಡಿಗೆ ಸಂದಿತು. ಯಾರೂ ಓದದ ಎರಡು ಚಂದಾಗಳು ರದ್ದಾದವು. ಆಮೇಲೆ ಹಿರಿಯರು ಬೀರುವಿನಿಂದ ಒಂದು ನೋಟುಬುಕ್ಕು ತೆಗೆದರು. ಅದರ ಹಳೆಯ ಪುಟಗಳಲ್ಲಿ ಪತ್ನಿಯ ಕೈಬರಹದಲ್ಲಿ ಹಾಲಿನ ಲೆಕ್ಕವಿತ್ತು. ಖಾಲಿ ಪುಟವೊಂದರಲ್ಲಿ ಅವರು ಗೀಟೆಳೆದು ಬರೆದರು: ಯಾವ ವರ್ತನೆ, ತಿಂಗಳಿಗೆ ಎಷ್ಟು, ಯಾವ ತಾರೀಖು, ಯಾವ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಆ ಕಾರ್ಡಿನ ಅವಧಿ ಎಂದು ಮುಗಿಯುವುದು. ಗುಟ್ಟಿನ ಸಂಖ್ಯೆಯನ್ನೂ ಪಿನ್ನನ್ನೂ ಮಾತ್ರ ಬರೆಯಲಿಲ್ಲ.

ಎಲ್ಲ ಮನೆಗಳಲ್ಲೂ ಇಂಥದೊಂದು ಪುಟವಿರುವುದು ಒಳ್ಳೆಯದು. ಅದು ಎಲ್ಲಿದೆಯೆಂಬುದು ಮನೆಯ ಇನ್ನೊಬ್ಬರಿಗಾದರೂ ತಿಳಿದಿರಬೇಕು. ಲೆಕ್ಕ ಬರೆದಿಟ್ಟ ಮನೆಯಲ್ಲಿ ಕಳ್ಳನ ಅವಸರದ ಮಾತು ನಡೆಯದು.

ಪುಸ್ತಕ ಮುಚ್ಚುವ ಮೊದಲು ಹಿರಿಯರು ಫೋನನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. ಮೊಮ್ಮಗಳು ಹತ್ತಿರ ಬಂದು ಕುಳಿತಳು. ಜೋಗುಳ ಕೇಳಿಬಂದಿತು.