ಎಳೆಯ ಮನದ ಅಳಲು

ಕಂಪ್ಲಿಯ ಸುತ್ತಣ ಗದ್ದೆಗಳಲ್ಲಿ ಭತ್ತದ ನಾಟಿ ಮೊದಲಾಯಿತೆಂದರೆ ಕೂಲಿಯ ಹೆಣ್ಣುಮಕ್ಕಳು ಹೊತ್ತು ಮೂಡುವ ಮುನ್ನವೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಎಚ್ಚರಗೊಂಡ ನಾಲ್ಕು ವರ್ಷದ ಮಗು ಅವ್ವನನ್ನು ಕಾಣದೆ ಬಾಗಿಲವರೆಗೆ ಓಡುತ್ತದೆ. ಬಳಿಕ ಮೂಲೆ ಸೇರುತ್ತದೆ. ಕೊಟ್ಟ ರೊಟ್ಟಿಯನ್ನು ಮುಟ್ಟದು. ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುತ್ತದೆ. ಹಿರಿಯರು 'ಹಟಮಾರಿ' ಎಂದು ಗದರುತ್ತಾರೆ. ಅನೇಕ ವೇಳೆ ಅದು ಹಟವಲ್ಲ. ಮಾತು ಬಲಿಯದ ಮಗು ತನ್ನ ಅಳಲನ್ನು ಮೈಯ ಮೂಲಕ ಹೇಳಿಕೊಳ್ಳುವ ಬಗೆ.

ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಹೆಚ್ಚುತ್ತದೆ; ಸ್ನಾಯುಗಳು ಬಿಗಿಯುತ್ತವೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದರಿಂದ ಉಪಕಾರವೇ ಉಂಟು. ಅಪಾಯ ಕಳೆದೊಡನೆ ದೇಹವು ಮೊದಲಿನ ಸ್ಥಿತಿಗೆ ಮರಳಬೇಕು. ಆದರೆ ಮನೆಯಲ್ಲಿ ನಿತ್ಯವೂ ಜಗಳ, ಹೊಡೆತ, ಬೈಗುಳಗಳಿದ್ದರೆ ಮಗುವಿನ ದೇಹ ಸದಾ ಕಾವಲು ನಿಂತಂತೆ ಇರುತ್ತದೆ. ಆಗ ನಿದ್ರೆ ಕೆಡುತ್ತದೆ, ಹಸಿವು ಅಡಗುತ್ತದೆ, ಕಲಿಕೆಯಲ್ಲಿ ಮನಸ್ಸು ನಿಲ್ಲದು. ನೆಚ್ಚಿನ ಹಿರಿಯರೊಬ್ಬರು ಬಳಿಯಲ್ಲಿದ್ದು ಸಂತೈಸಿದರೆ ಅದೇ ಮಗು ಬೇಗನೆ ಶಾಂತವಾಗುತ್ತದೆ.

ಹಿರಿಯರ ಕಷ್ಟಗಳೂ ಸಣ್ಣವಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಅಕ್ರಮವನ್ನು ನಿಲ್ಲಿಸಲು ಅದು ಬೇಕಾಗಿಯೇ ಇತ್ತು. ಆದರೂ ಸಂಡೂರಿನ ಲಾರಿ ಚಾಲಕರು, ಗಣಿಯ ಕೂಲಿಗಳು ಏಕಾಏಕಿ ಕೆಲಸ ಕಳೆದುಕೊಂಡರು. ಹಂಪಿಯಲ್ಲಿ ಹರಿಗೋಲು ಹಾಕುವವರ ಮತ್ತು ಮಾರ್ಗದರ್ಶಿಗಳ ಸಂಪಾದನೆ ಚಳಿಗಾಲದ ಯಾತ್ರಿಕರನ್ನು ನಂಬಿದುದು. 2020ರಲ್ಲಿ ಕೊರೋನಾ ಕಾರಣದಿಂದ ಸ್ಮಾರಕಗಳು ಮುಚ್ಚಿದಾಗ ಅದೂ ನಿಂತಿತು. ಇಂಥ ದಿನಗಳಲ್ಲಿ ತಾಯಿತಂದೆಗಳು ಇರುಳಲ್ಲಿ ಸಾಲದ ಮಾತೆತ್ತಿ ದನಿ ಏರಿಸುವುದುಂಟು. ಮಗು ಮಲಗಿದೆ ಎಂದು ಅವರ ನಂಬಿಕೆ. ಮುಸುಕಿನೊಳಗಿನ ಮಗುವಿಗೆ ಸಾಲದ ಅರ್ಥ ತಿಳಿಯದು. ದನಿಯ ಅರ್ಥ ಚೆನ್ನಾಗಿ ತಿಳಿಯುತ್ತದೆ. ಮರುದಿನ ಅಪ್ಪ ಅವ್ವ ನಗುತ್ತ ಮಾತನಾಡುವುದನ್ನು ಅದು ಕಂಡರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಬಡತನ ನೀಗುವವರೆಗೆ ಮಗುವಿನ ನೆಮ್ಮದಿ ಕಾಯಬೇಕಾಗಿಲ್ಲ. ಅಂಗನವಾಡಿಗಳಿಗೆ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾಯಿತು; ದುಡಿಯುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಕೈಗೊಂಡಿತು. ಆದರೆ ಉಳಿದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಬಹುಪಾಲು ಮನೆಗಳಲ್ಲಿ ಅಜ್ಜಿ, ಇಲ್ಲವೆ ಪ್ರೌಢಶಾಲೆಗೆ ಹೋಗುವ ಅಕ್ಕ ಅಥವಾ ಅಣ್ಣ.

ಊಟ ಮಾಡಿಸಲು ಗುಮ್ಮನನ್ನೂ ಪೊಲೀಸರನ್ನೂ ಕರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಅದನ್ನು ಕೈಬಿಡುವುದೇ ಲೇಸು. ಹೊಸಪೇಟೆಯಂಥ ಪಟ್ಟಣದ ಇಕ್ಕಟ್ಟಾದ ಮನೆಗಳಲ್ಲಿ ಈಗ ಗುಮ್ಮನ ಸ್ಥಾನಕ್ಕೆ ಮೊಬೈಲು ಬಂದಿದೆ. ಅದು ಅಳುವನ್ನು ನಿಲ್ಲಿಸುತ್ತದೆ. ಅಳುವಿನ ಕಾರಣವನ್ನು ಕೇಳುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕೆಂದೂ ಕುಳಿತು ಪರದೆ ನೋಡುವುದು ಒಂದು ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು.

ಮಗುವಿಗೆ ಮುಖ್ಯವಾಗಿ ಬೇಕಾದುದು ಮುಂದೇನು ಎಂಬ ತಿಳಿವು. ಸಂಜೆ ಕೈಕಾಲು ತೊಳೆಯುವುದು, ಉಣ್ಣುವುದು, ಕತೆ ಕೇಳುವುದು, ಮಲಗುವುದು ದಿನವೂ ಒಂದೇ ಕ್ರಮದಲ್ಲಿ ನಡೆದರೆ ಆ ತಿಳಿವು ತಾನಾಗಿ ಬರುತ್ತದೆ. ತಾಯಿ ಕದ್ದು ಹೊರಟುಹೋಗಬಾರದು; ಮಗು ಅತ್ತರೂ ಸರಿ, ಹೇಳಿಯೇ ಹೋಗಬೇಕು. ಗಡಿಯಾರದ ಗಂಟೆ ಮಗುವಿಗೆ ತಿಳಿಯದು; "ದೀಪ ಹಚ್ಚೂ ಹೊತ್ತಿಗೆ ಅವ್ವ ಬರ್ತಾಳೆ" ಎಂದರೆ ತಿಳಿಯುತ್ತದೆ. ಹೇಳಿದಂತೆ ಅವಳು ನಾಲ್ಕು ದಿನ ಬಂದರೆ, ಐದನೆಯ ದಿನ ಮಗು ಬಾಗಿಲವರೆಗೆ ಹೋಗಿ, ಬೀದಿಯನ್ನು ಒಮ್ಮೆ ನೋಡಿ, ಒಳಗೆ ಬಂದು ಅಕ್ಕನ ಮಗ್ಗುಲಲ್ಲಿ ರೊಟ್ಟಿ ತಿನ್ನಲು ಕೂರುತ್ತದೆ.